ಚುಕ್ಕೆ ಹುಡುಕಿಕೊಂಡು ಹೋದವರು

ಉಲುರು ನೋಡಲು ಹೊರಡುವ ಆಸ್ಟ್ರೇಲಿಯದ ಕನ್ನಡ ಕುಟುಂಬಗಳ ಪ್ರವಾಸ ಹೆಚ್ಚುಕಡಿಮೆ ಒಂದೇ ಥರ. ಕೆಂಪು ಬಂಡೆಯ ಮುಂದೆ ಸೂರ್ಯೋದಯ, ಅದೇ ಬಂಡೆಯ ಮುಂದೆ ಸೂರ್ಯಾಸ್ತ, ನಡುವೆ ಡಬ್ಬಿಯಲ್ಲಿ ತಂದ ಪುಳಿಯೋಗರೆ. ನಾವೂ ಹಾಗೇ ಹೋದವರು. ವಾಪಸು ಬರುವಾಗ ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಒಂದು ದಿನ ಉಳಿಯಿತು. ಏನು ಮಾಡುವುದೆಂದು ತೋಚದೆ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ದೂರದ ಹರ್ಮನ್ಸ್‌ಬರ್ಗ್ ಕಡೆ ಗಾಡಿ ತಿರುಗಿಸಿದೆವು. ಅಲ್ಲಿನ ಮೂಲನಿವಾಸಿಗಳಾದ ಅರಂಡ ಜನರ ಬಾಯಲ್ಲಿ ಆ ಊರು ನ್ತಾರಿಯ. 1877ರಲ್ಲಿ ಲೂಥರನ್ ಪಾದ್ರಿಗಳು ಅಲ್ಲಿ ಮಿಷನ್ ಕಟ್ಟಿ, ತಮ್ಮ ಜರ್ಮನ್ ಊರಿನ ಹೆಸರನ್ನೇ ಅದಕ್ಕೂ ಇಟ್ಟರು. 1982ರಲ್ಲಿ ಆ ನೆಲ ಮರಳಿ ಅರಂಡರ ಕೈಗೆ ಬಂತು. ಸುಣ್ಣ ಬಳಿದ ಹಳೆಯ ಕಲ್ಲು ಕಟ್ಟಡಗಳು ಈಗಲೂ ನಿಂತಿವೆ. ಅವುಗಳಲ್ಲೊಂದು ಅರಂಡ ಚಿತ್ರಕಾರ ಆಲ್ಬರ್ಟ್ ನಮಜೀರ ಮತ್ತು ಅವರ ಬಳಗದವರ ಚಿತ್ರಗಳ ಪುಟ್ಟ ಗ್ಯಾಲರಿ.

ಎರಡು ಗಾಡಿಗಳಲ್ಲಿ ಹೋದ ನಮ್ಮ ತಲೆಗಳಲ್ಲಿ ಆ ಚಿತ್ರಕಾರರ ಬಗ್ಗೆ ಇದ್ದ ಮಾಹಿತಿಯಲ್ಲಿ ಅರ್ಧ ಕೇಳಿದ್ದು, ಕಾಲು ಭಾಗ ಊಹಿಸಿದ್ದು, ಉಳಿದದ್ದು ಸುಳ್ಳು. ಹಿಂದಿರುಗಿ ಬಂದ ಮೇಲೆ ಓದಿ ತಿಳಿದಾಗ, ಇವು ನಮ್ಮೊಬ್ಬರ ತಪ್ಪುಗಳಲ್ಲ, ಆಸ್ಟ್ರೇಲಿಯದವರೇ ದಶಕಗಳ ಕಾಲ ನಂಬಿಕೊಂಡು ಬಂದವು ಎಂದು ಗೊತ್ತಾಯಿತು. ಅದು ಸಮಾಧಾನವೋ ಬೇಸರವೋ ಹೇಳುವುದು ಕಷ್ಟ.

ತಪ್ಪು ಕಲ್ಪನೆ: ಆಸ್ಟ್ರೇಲಿಯದ ಮೂಲನಿವಾಸಿಗಳ ಕಲೆಯೆಂದರೆ ಚುಕ್ಕೆ ಚಿತ್ರ, ಚುಕ್ಕೆ ಇಲ್ಲದ್ದು ಅಸಲಿಯಲ್ಲ.

ವಾಸ್ತವ: ಒಳಗೆ ಕಾಲಿಟ್ಟಾಗ ನಮಗಾದ ಮೊದಲ ನಿರಾಸೆ ಇದೇ. ಒಂದೂ ಚುಕ್ಕೆ ಇಲ್ಲ. ಗೋಡೆಯ ಮೇಲೆ ಬೆಟ್ಟ, ಬಿಳಿ ಕಾಂಡದ ಮರ, ಒಣಗಿದ ಹೊಳೆಯ ಪಾತ್ರ. ಶಾಲೆಯ ಡ್ರಾಯಿಂಗ್ ಮೇಷ್ಟ್ರು ಬೆನ್ನು ತಟ್ಟುವಂಥ ಜಲವರ್ಣದ ನಿಸರ್ಗಚಿತ್ರಗಳು. ನಮ್ಮಲ್ಲೊಬ್ಬರು ಟಿಕೆಟ್ ಕೊಟ್ಟ ಜಾಗಕ್ಕೇ ಮರಳಿ ಹೋಗಿ, ಮೂಲನಿವಾಸಿಗಳ ಚಿತ್ರಗಳಿರುವ ಕೋಣೆ ಯಾವುದು ಎಂದು ಕೇಳಿಯೂ ಬಂದರು. ಅಲ್ಲಿದ್ದ ಮಹಿಳೆ ನಗಲಿಲ್ಲ. ಕೈ ಮಾಡಿ ಅದೇ ಕೋಣೆ ತೋರಿಸಿದರು. ಈ ಪ್ರಶ್ನೆ ಅವರಿಗೆ ಹೊಸದಲ್ಲವೆಂದು ಕಾಣುತ್ತದೆ.

ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ನಮ್ಮ ನಂಬಿಕೆ ತಲೆಕೆಳಗಾಗುತ್ತದೆ. ನಮಜೀರ ಜಲವರ್ಣ ಕಲಿತದ್ದು 1936ರಲ್ಲಿ. ಇಂದು ಟೀ ಟವೆಲ್ಲಿನಿಂದ ವಿಮಾನದ ಮೈವರೆಗೆ ಕಾಣುವ ಚುಕ್ಕೆ ಚಿತ್ರ ಹಲಗೆ, ಕ್ಯಾನ್ವಾಸುಗಳ ಮೇಲೆ ಚಳವಳಿಯಾಗಿ ಬೆಳೆಯತೊಡಗಿದ್ದು 1971ರಲ್ಲಿ, ಪಪುನ್ಯ ಎಂಬ ಮರುಭೂಮಿಯ ವಸತಿಯಲ್ಲಿ. ಅಲ್ಲಿ ಮೇಷ್ಟ್ರಾಗಿದ್ದ ಜೆಫ್ರಿ ಬಾರ್ಡನ್ ಅವರ ಒತ್ತಾಸೆಯಿಂದ ಊರ ಹಿರಿಯರು ಶಾಲೆಯ ಗೋಡೆಯ ಮೇಲೆ ಜೇನಿರುವೆಯ ಕಥೆ ಬರೆದರು. ಆಮೇಲೆ ಸಿಕ್ಕ ಹಲಗೆಯ ಚೂರುಗಳ ಮೇಲೆಲ್ಲ ಬರೆಯತೊಡಗಿದರು. ನೆಲದ ಮೇಲೆ, ಮೈಮೇಲೆ ಬರೆಯುತ್ತಿದ್ದ ಚುಕ್ಕೆ, ವೃತ್ತ, ಗೆರೆಗಳು ಬಹು ಹಳೆಯವು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಗೋಡೆಗೆ ತೂಗುಹಾಕುವ ಚುಕ್ಕೆ ಚಿತ್ರ ನಮಜೀರರ ಜಲವರ್ಣಕ್ಕಿಂತ 35 ವರ್ಷ ಕಿರಿಯದು. ನಾವು ಹಳತು ಎಂದುಕೊಂಡದ್ದು ಹೊಸತು, ಹೊಸ ಅನುಕರಣೆ ಎಂದುಕೊಂಡದ್ದು ಹಳತು.

ಅದೂ ಅಲ್ಲದೆ ಚುಕ್ಕೆ ಒಂದು ಸೀಮೆಯ ಮಾತು. ಉತ್ತರದ ಆರ್ನೆಮ್ ಲ್ಯಾಂಡಿನವರು ಮರದ ತೊಗಟೆಯ ಮೇಲೆ ಕೂದಲೆಳೆಯಂಥ ಅಡ್ಡಗೆರೆಗಳ ಜಾಲ ನೇಯುತ್ತಾರೆ. ಕಿಂಬರ್ಲಿಯ ಬಂಡೆಗಳ ಮೇಲೆ ಬಾಯಿಲ್ಲದ ವಾಂಜಿನಾ ದೈವಗಳು ದೊಡ್ಡ ಕಣ್ಣು ಬಿಟ್ಟು ನೋಡುತ್ತವೆ. ಎಲ್ಲರಿಂದಲೂ ಚುಕ್ಕೆ ಕೇಳುವುದೆಂದರೆ ಮಲೆನಾಡಿನ ಹಸೆ ಚಿತ್ತಾರದ ಮುಂದೆ ನಿಂತು, ಇದರಲ್ಲಿ ಚಿನ್ನದ ರೇಕು ಎಲ್ಲಿದೆ, ಮೈಸೂರು ಚಿತ್ರದಲ್ಲಿ ಇರುತ್ತದಲ್ಲ ಎಂದು ಕೇಳಿದ ಹಾಗೆ.

ತಪ್ಪು ಕಲ್ಪನೆ: ಸರಿ, ಚುಕ್ಕೆ ಬೇಡ. ಆದರೂ ಇವು ಬಿಳಿಯರ ಚಿತ್ರಗಳ ನಕಲು. ಇವುಗಳಲ್ಲಿ ಅರಂಡತನ ಏನಿದೆ?

ವಾಸ್ತವ: ಇದು ನಮ್ಮ ಕಂಡುಹಿಡಿಕೆಯಲ್ಲ. ನಮಜೀರ ಬದುಕಿದ್ದಾಗಲೇ ಹುಟ್ಟಿಕೊಂಡ ಮಾತು. ಜನಸಾಮಾನ್ಯರು ಅವರ ಚಿತ್ರಗಳಿಗೆ ಮುಗಿಬಿದ್ದರು. 1938ರಲ್ಲಿ ಮೆಲ್ಬರ್ನ್‌ನಲ್ಲಿ ನಡೆದ ಮೊದಲ ಏಕವ್ಯಕ್ತಿ ಪ್ರದರ್ಶನದ 41 ಚಿತ್ರಗಳೂ ಮಾರಾಟವಾದವು. ಮರುವರ್ಷ ದಕ್ಷಿಣ ಆಸ್ಟ್ರೇಲಿಯದ ಕಲಾ ಗ್ಯಾಲರಿ ಒಂದನ್ನು ಕೊಂಡಿತು. ಆದರೆ ವಿಮರ್ಶಕರಲ್ಲಿ ಹಲವರು ಮೂಗು ಮುರಿದರು. ಬೇರೆ ದೊಡ್ಡ ಗ್ಯಾಲರಿಗಳು ಬಹುಕಾಲ ಅವರನ್ನು ಗಂಭೀರವಾಗಿ ನೋಡಲೇ ಇಲ್ಲ. ಹೊಗಳಿದವರು, ನೋಡಿ, ಇವರೂ ನಮ್ಮ ಹಾಗೆ ಆಗಬಲ್ಲರು ಎಂದರು. ತೆಗಳಿದವರು, ಇವರು ನಮ್ಮ ಹಾಗೆ ಆಗಿಬಿಟ್ಟರಲ್ಲ ಎಂದರು. ಎರಡೂ ಕಡೆಯವರು ನೋಡಿದ್ದು ಕುಂಚ ಹಿಡಿದ ರೀತಿಯನ್ನು. ಚಿತ್ರದಲ್ಲಿರುವುದು ಯಾವ ಬೆಟ್ಟ ಎಂದು ಕೇಳಿದವರು ಕಡಿಮೆ.

ಅದು ಕೇಳಬೇಕಾದ ಪ್ರಶ್ನೆ. ಏಕೆಂದರೆ ಆ ಚಿತ್ರಗಳಲ್ಲಿ ಸುಮ್ಮನೆ ಒಂದು ಬೆಟ್ಟ ಎಂಬುದಿಲ್ಲ. ಪಶ್ಚಿಮ ಮ್ಯಾಕ್‌ಡೊನೆಲ್ ಸಾಲಿನ ಇಂಥ ಕಣಿವೆ, ಇಂಥ ತಿರುವು, ಇಂಥ ಮರ. ಅವೆಲ್ಲ ತಾಯಿಯ ಕಡೆಯಿಂದ, ತಂದೆಯ ಕಡೆಯಿಂದ ಅವರಿಗೆ ಹೊಣೆಯಾಗಿ ಬಂದ ನೆಲ. 1902ರಲ್ಲಿ ಹುಟ್ಟಿದಾಗ ಇಟ್ಟ ಹೆಸರು ಎಲಿಯ. ಆಲ್ಬರ್ಟ್ ಎಂಬುದು ದೀಕ್ಷಾಸ್ನಾನದ ಹೆಸರು. ಮಿಷನ್ ಶಾಲೆಯಲ್ಲಿ ಬೈಬಲ್ ಓದಿದ ಹುಡುಗನನ್ನೇ ಹದಿಮೂರರ ಹೊತ್ತಿಗೆ ಹಿರಿಯರು ಕಾಡಿಗೆ ಕರೆದೊಯ್ದು ಕುಲದ ದೀಕ್ಷೆ ಕೊಟ್ಟರು. ಯಾವ ಪೂರ್ವಜ ಎಲ್ಲಿ ನಡೆದ, ಎಲ್ಲಿ ಮಲಗಿ ಬೆಟ್ಟವಾದ ಎಂಬುದು ಹಾಡುಗಳ ಮೂಲಕ ಅವರಿಗೆ ಬಂದದ್ದು ಹಾಗೆ. ಇದಕ್ಕೆ ನಮ್ಮಲ್ಲಿ ಒಳ್ಳೆಯ ಹೆಸರೇ ಇದೆ, ಸ್ಥಳಪುರಾಣ. ಭಸ್ಮಾಸುರನ ಕಥೆ ಕೇಳಿ ಬೆಳೆದವರಿಗೆ ಯಾಣದ ಕಪ್ಪು ಬಂಡೆಗಳು ಬರೀ ಸುಣ್ಣಕಲ್ಲಾಗಿ ಕಾಣುವುದಿಲ್ಲ. ಆ ಬಂಡೆಯನ್ನು ಅವರು ಪೆನ್ಸಿಲ್ಲಿನಲ್ಲೇ ಬರೆಯಲಿ, ಮೊಬೈಲಿನಲ್ಲೇ ತೆಗೆಯಲಿ, ಕಥೆ ಒಳಗೇ ಇರುತ್ತದೆ. ಗುಟ್ಟಾಗಿಡಬೇಕಾದ ಚಿಹ್ನೆಗಳನ್ನು ನಮಜೀರ ಹೊರಗಿನವರಿಗೆ ಬರೆದು ಮಾರಲಿಲ್ಲ. ಎಲ್ಲರಿಗೂ ಕಾಣುವ ಬೆಟ್ಟವನ್ನು ಬರೆದರು. ಅದು ಗೊತ್ತಿದ್ದವರಿಗೆ ಒಂದು, ಗೊತ್ತಿಲ್ಲದವರಿಗೆ ಇನ್ನೊಂದು.

ನಕಲಿನ ಆರೋಪ ಎಷ್ಟು ಒಕ್ಕಣ್ಣಿನದು ಎಂದು ತಿಳಿಯಲು ಬೆಂಗಳೂರಿನ ಕಸ್ತೂರಬಾ ರಸ್ತೆಯವರೆಗೆ ಹೋದರೆ ಸಾಕು. ಕೆ. ವೆಂಕಟಪ್ಪನವರು (1886–1965) ಊಟಿಯ, ಕೊಡೈಕೆನಾಲಿನ ಮಂಜನ್ನು ಬರೆದದ್ದೂ ಜಲವರ್ಣದಲ್ಲೇ. ಚಿತ್ರಗಾರರ ಮನೆತನದ ಈ ಮನುಷ್ಯ ಇಂಗ್ಲಿಷರ ಬಣ್ಣ ಯಾಕೆ ಹಿಡಿದರು, ಅವರ ಅಸಲಿತನ ಎಲ್ಲಿ ಹೋಯಿತು ಎಂದು ನಾವು ಯಾರೂ ಕೇಳಿದ್ದಿಲ್ಲ. ಅವರ ಹೆಸರಿನ ಗ್ಯಾಲರಿಯಲ್ಲಿ ನಿಂತು ಮಂಜನ್ನು ನೋಡುತ್ತೇವೆ, ಅಷ್ಟೆ. ವೆಂಕಟಪ್ಪನವರಿಗೆ ಕೊಟ್ಟ ಈ ಸ್ವಾತಂತ್ರ್ಯವನ್ನು ನಮಜೀರರಿಗೆ ಕೊಡಲು ನಮಗೆ ಮನಸ್ಸಾಗಲಿಲ್ಲ. ಆದಿವಾಸಿ ಎಂದ ಕೂಡಲೇ ಅವರು ಹೇಗೆ ಬರೆಯಬೇಕೆಂದು ನಾವೇ ತೀರ್ಮಾನಿಸಿಕೊಂಡು ಹೋಗಿದ್ದೆವು.

ತಪ್ಪು ಕಲ್ಪನೆ: ಎಲ್ಲವನ್ನೂ ಒಬ್ಬ ಬಿಳಿಯ ಗುರು ಎರಡು ತಿಂಗಳಲ್ಲಿ ಹೇಳಿಕೊಟ್ಟ, ಅವನಿಲ್ಲದಿದ್ದರೆ ನಮಜೀರ ಇಲ್ಲ.

ವಾಸ್ತವ: ಗುರು ಇದ್ದದ್ದು ನಿಜ. ರೆಕ್ಸ್ ಬ್ಯಾಟರ್ಬಿ, ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಚಿತ್ರಕಾರ. 1934ರಲ್ಲಿ ಗೆಳೆಯನ ಜೊತೆ ಮಿಷನ್ನಿನಲ್ಲೇ ತಮ್ಮ ಚಿತ್ರಗಳನ್ನು ಪ್ರದರ್ಶಿಸಿದರು. ತಾವು ದಿನಾ ನೋಡುವ ಬೆಟ್ಟ ಕಾಗದದ ಮೇಲೆ ಇಳಿದದ್ದನ್ನು ಊರವರು ಕಂಡದ್ದು ಆಗ. 1936ರಲ್ಲಿ ಬ್ಯಾಟರ್ಬಿ ಮತ್ತೆ ಬಂದಾಗ ನಮಜೀರ ಒಂಟೆ ನಡೆಸುವ ಕೆಲಸಕ್ಕೆ ಅವರ ಜೊತೆ ಹೋದರು. ಆ ಎರಡು ತಿಂಗಳ ತಿರುಗಾಟದಲ್ಲಿ ಕಲಿಕೆ ಎರಡೂ ಕಡೆಯಿಂದ ನಡೆಯಿತು. ಒಬ್ಬರಿಗೆ ಬಣ್ಣ ಗೊತ್ತು, ಇನ್ನೊಬ್ಬರಿಗೆ ದಾರಿ, ನೀರು, ನೆಲ ಗೊತ್ತು.

ಆಗ ನಮಜೀರರಿಗೆ ಮೂವತ್ನಾಲ್ಕು ವರ್ಷ. ಕಮ್ಮಾರಿಕೆ, ಬಡಗಿಕೆಲಸ, ದನ ಕಾಯುವುದು ಎಲ್ಲ ಮಾಡಿದ ಕೈ. ಅದಕ್ಕಿಂತ ಮುಖ್ಯವಾಗಿ, ಮಲ್ಗಾ ಮರದ ಹಲಗೆಗಳ ಮೇಲೆ, ಬೂಮರಾಂಗ್‌ಗಳ ಮೇಲೆ ಕಾದ ತಂತಿಯಿಂದ ಸುಟ್ಟು ಚಿತ್ರ ಬರೆದು ಮಾರುವುದು ಅವರಿಗೆ ಮೊದಲೇ ರೂಢಿ. ಸುಟ್ಟ ಗೆರೆಯನ್ನು ಅಳಿಸುವ ಹಾಗಿಲ್ಲ. ಜಲವರ್ಣದಲ್ಲೂ ಹಾಗೇ, ಒಮ್ಮೆ ಬಿದ್ದ ಬಣ್ಣ ಬಿದ್ದಂತೆ. ಆ ಕೈಗೆ ಎರಡು ತಿಂಗಳು ಸಾಕಾದದ್ದರಲ್ಲಿ ಆಶ್ಚರ್ಯವಿಲ್ಲ. ಇದರ ಉಲ್ಟಾ ಕಥೆಯೂ ಒಂದಿದೆ, ಯಾರೂ ಕಲಿಸದೆ ಕಾಡಿನಲ್ಲಿ ತಾನಾಗಿ ಅರಳಿದ ಪ್ರತಿಭೆ ಎಂದು. ಕೇಳಲು ಚೆನ್ನ, ಅಷ್ಟೇ ಸುಳ್ಳು.

ತಪ್ಪು ಕಲ್ಪನೆ: ಬಣ್ಣ ಅತಿಯಾಗಿದೆ, ನೇರಳೆ ಬೆಟ್ಟ ಲೋಕದಲ್ಲಿಲ್ಲ.

ವಾಸ್ತವ: ಗ್ಯಾಲರಿಯ ಬಾಗಿಲು ದಾಟಿ ಹೊರಬಂದು ಸಂಜೆ ಐದೂವರೆಗೆ ನಿಂತರೆ ಮುಗಿಯಿತು. ಅಲ್ಲಿನ ಬಂಡೆಯ ಮೈಮೇಲೆ ಕಬ್ಬಿಣದ ಅಂಶ ತುಕ್ಕಾಗಿ ಕೂತಿದೆ, ಅದಕ್ಕೇ ಆ ಕೆಂಪು. ಸೂರ್ಯ ಇಳಿದಾಗ ಬೆಳಕು ಇನ್ನಷ್ಟು ಕೆಂಪಾಗುತ್ತದೆ. ನೆರಳು ಬಿದ್ದ ಕಡೆ ಆಕಾಶದ ನೀಲಿ ತುಂಬಿಕೊಳ್ಳುತ್ತದೆ. ಕೆಂಪಿನ ಮೇಲೆ ನೀಲಿ ಬಿದ್ದರೆ ನೇರಳೆ. ದೂರದ ಸಹ್ಯಾದ್ರಿ ನೀಲಿಯಾಗಿ ಕಾಣುವುದನ್ನು ಒಪ್ಪುವ ನಮಗೆ ಇದನ್ನು ಒಪ್ಪಲು ಬಣ್ಣದ ಪೆಟ್ಟಿಗೆಯ ಮೇಲೆ ಅನುಮಾನ ಅಡ್ಡ ಬಂತು. ತಂಪು ಸೀಮೆಯ ಮೆಲ್ಬರ್ನ್‌ನವರಿಗೂ ಆಗ ಇದೇ ಅನುಮಾನವಿತ್ತಂತೆ.

ತಪ್ಪು ಕಲ್ಪನೆ: ಅವರು ಬರೆದ ಬಿಳಿ ಮರ ದೆವ್ವದ ಮರ, ಅಂಥ ಚಿತ್ರ ಮನೆಯಲ್ಲಿ ತೂಗುಹಾಕಿದರೆ ಆಗಿಬರುವುದಿಲ್ಲ. ಅವರು ಬರೆದ ಮರಗಳೇ ಸುಟ್ಟುಹೋದವಲ್ಲ!

ವಾಸ್ತವ: ಇದನ್ನು ಹೇಳಿದವರು ನಮ್ಮ ಜೊತೆ ಬಂದಿದ್ದ ಹಿರಿಯರು. ನಕ್ಕು ಬಿಡುವುದು ಸುಲಭವಿತ್ತು. ಆದರೆ ಅವರ ಮಾತಿಗೆ ಮೂರು ಎಳೆಗಳಿವೆ, ಮೂರಕ್ಕೂ ಉತ್ತರವಿದೆ.

ಮೊದಲನೆಯದು ಹೆಸರು. ಇಂಗ್ಲಿಷಿನಲ್ಲಿ ಅದು ಘೋಸ್ಟ್ ಗಮ್. ನೀಲಗಿರಿ ಮರದ ದಾಯಾದಿ. ತೊಗಟೆ ಸುಣ್ಣ ಹಚ್ಚಿದಷ್ಟು ಬಿಳುಪು, ಬೆಳದಿಂಗಳಲ್ಲಿ ಎದ್ದು ಕಾಣುತ್ತದೆ. ಬೆಚ್ಚಿದ ಯಾರೋ ಇಟ್ಟ ಹೆಸರೇ ಹೊರತು ಮರದಲ್ಲಿ ದೆವ್ವವಿಲ್ಲ. ಅರಂಡರಿಗೆ ಅದು ಹೆದರುವ ಮರವೂ ಅಲ್ಲ. ನಮಜೀರರ ಚಿತ್ರದಲ್ಲಿ ಆ ಮರ ಮುಂಭಾಗದಲ್ಲಿ ನಿಂತಿರುವ ಭಂಗಿ ನೋಡಿದರೆ ಮನೆಯ ಹಿರಿಯರೊಬ್ಬರ ಭಾವಚಿತ್ರ ನೋಡಿದ ಹಾಗಿರುತ್ತದೆ.

ಎರಡನೆಯದು ವಾಸ್ತು. ಒಣಮರದ ಚಿತ್ರ ಮನೆಯಲ್ಲಿ ಬೇಡವೆನ್ನುವುದು ನಮ್ಮ ಕಡೆ ಇದೆ. ಆ ಲೆಕ್ಕದಲ್ಲೇ ಹೋದರೂ ಘೋಸ್ಟ್ ಗಮ್ ಒಣಮರವಲ್ಲ. ಎಲೆ ವಿರಳ, ನಿಜ, ಜೀವ ಗಟ್ಟಿ. ಹನಿ ನೀರಿಲ್ಲದ ಬಂಡೆಯ ಸಂದಿಯಲ್ಲಿ ಬೇರು ಬಿಟ್ಟು ನಿಲ್ಲುತ್ತದೆ. ಅಶುಭದ ಆರೋಪಕ್ಕೆ ಇಷ್ಟು ಅಯೋಗ್ಯವಾದ ಮರ ಸಿಗುವುದು ಕಷ್ಟ.

ಮೂರನೆಯದು ಬೆಂಕಿ. ಆಲಿಸ್ ಸ್ಪ್ರಿಂಗ್ಸ್ ಹೊರಗೆ ನಮಜೀರರ ಹೆಸರಿನೊಂದಿಗೆ ಬೆರೆತ ಜೋಡಿ ಘೋಸ್ಟ್ ಗಮ್‌ಗಳಿದ್ದವು. 2013ರ ಆರಂಭದಲ್ಲಿ ಅವು ಸುಟ್ಟು ಬಿದ್ದಿರುವುದು ಕಂಡಿತು, ಅದೂ ಪಾರಂಪರಿಕ ಪಟ್ಟಿಗೆ ಸೇರಿಸುವ ತಯಾರಿ ನಡೆದಿದ್ದಾಗ. ಶಾಪದ ಮಾತು ಹುಟ್ಟಲು ಇಷ್ಟು ಸಾಕು. ಅಧಿಕಾರಿಗಳ ಅನುಮಾನ ಹೋದದ್ದು ಶಾಪದ ಕಡೆಗಲ್ಲ, ಬೆಂಕಿಕಡ್ಡಿ ಗೀರಿದ ಯಾವುದೋ ಕೈಯ ಕಡೆಗೆ. ಮನುಷ್ಯ ಮಾಡಿದ್ದನ್ನು ಶಾಪದ ಲೆಕ್ಕಕ್ಕೆ ಬರೆದರೆ ಮಾಡಿದವನು ಪಾರಾಗುತ್ತಾನೆ, ನಮ್ಮ ಆಕ್ಷೇಪ ಅಷ್ಟೇ. ಹಿರಿಯರು ಪೂರ್ತಿ ಒಪ್ಪಲಿಲ್ಲ. ಆದರೆ ಆ ಚಿತ್ರದ ಒಂದು ಪೋಸ್ಟ್‌ಕಾರ್ಡ್ ಕೊಂಡರು.

ತಪ್ಪು ಕಲ್ಪನೆ: ಗೋಡೆಯ ಮೇಲೆ ಸತ್ತವರ ಫೋಟೋ ಬಗ್ಗೆ ಬರೆಯುವ ಎಚ್ಚರಿಕೆ ಬರೀ ಮೂಢನಂಬಿಕೆ.

ವಾಸ್ತವ: ಆಸ್ಟ್ರೇಲಿಯದ ಗ್ಯಾಲರಿ, ಟಿವಿ, ಪುಸ್ತಕಗಳಲ್ಲಿ ಈ ಎಚ್ಚರಿಕೆ ಮಾಮೂಲು: ಇಲ್ಲಿ ಮೃತರ ಚಿತ್ರ, ಹೆಸರು ಇರಬಹುದು. ಹಲವು ಮೂಲನಿವಾಸಿ ಸಮುದಾಯಗಳಲ್ಲಿ ಸತ್ತವರ ಹೆಸರನ್ನು ಶೋಕದ ಕಾಲದಲ್ಲಿ ಬಾಯಿಂದ ಆಡುವುದಿಲ್ಲ. ಅದೇ ಹೆಸರಿನವರು ಬದುಕಿದ್ದರೆ ಅವರಿಗೂ ಬದಲಿ ಹೆಸರು. ದೆವ್ವ ಬಂದೀತೆಂಬ ಹೆದರಿಕೆ ಎಂದು ನಾವು ಅರ್ಥ ಮಾಡಿಕೊಂಡಿದ್ದೆವು. ಮನೆಯವರ ದುಃಖ ಕೆದಕಬಾರದೆಂಬ ಮರ್ಯಾದೆ ಅದರಲ್ಲಿ ದೊಡ್ಡ ಪಾಲು. ಎಷ್ಟು ಕಾಲ, ಯಾರ ಹೆಸರು ಎಂಬುದನ್ನು ಕುಟುಂಬ ನಿರ್ಧರಿಸುತ್ತದೆ. ನಮಜೀರರ ಹೆಸರನ್ನು ಅವರ ಮೊಮ್ಮಕ್ಕಳು ಧಾರಾಳವಾಗಿ ಹೇಳುತ್ತಾರೆ. ಗಂಡನ ಹೆಸರನ್ನು ನೇರ ಹೇಳದೆ ಒಡಪಿನಲ್ಲಿ ಸುತ್ತಿ ಹೇಳುತ್ತಿದ್ದ ಅಜ್ಜಿಯರ ಮೊಮ್ಮಕ್ಕಳು ನಾವು. ಹೆಸರಿಗೂ ತೂಕವಿದೆ ಎನ್ನುವುದನ್ನು ನಾವು ಇಷ್ಟು ಬೇಗ ಮರೆಯಬಾರದಿತ್ತು.

ತಪ್ಪು ಕಲ್ಪನೆ: ಆಸ್ಟ್ರೇಲಿಯದ ಪೌರತ್ವ ಪಡೆದ ಮೊದಲ ಮೂಲನಿವಾಸಿ ಅವರು, ಚಿತ್ರ ಮೆಚ್ಚಿ ಸರ್ಕಾರ ಕೊಟ್ಟ ಗೌರವ ಅದು.

ವಾಸ್ತವ: ಈ ವಾಕ್ಯ ಎಲ್ಲೆಡೆ ಸಿಗುತ್ತದೆ, ನಾವೂ ಮಕ್ಕಳಿಗೆ ಹೇಳಿದೆವು. ಸರಿಯಾಗಿ ಹೇಳಬೇಕಾದರೆ ಸ್ವಲ್ಪ ತಾಳ್ಮೆ ಬೇಕು. 1949ರಲ್ಲಿ ಪೌರತ್ವದ ಕಾಯ್ದೆ ಜಾರಿಗೆ ಬಂದಾಗ ಕಾಗದದ ಮೇಲೆ ಮೂಲನಿವಾಸಿಗಳೂ ಪೌರರೇ. ಆದರೆ ಆಯಾ ಪ್ರಾಂತ್ಯದ ಕಾನೂನುಗಳು ಅವರ ಕೈಕಾಲು ಕಟ್ಟಿದ್ದವು. ಉತ್ತರ ಪ್ರಾಂತ್ಯದಲ್ಲಿ 1957ರಲ್ಲಿ ಜಾರಿಯಾದ ವ್ಯವಸ್ಥೆಯಂತೆ ಹೆಚ್ಚುಕಡಿಮೆ ಎಲ್ಲ ಮೂಲನಿವಾಸಿಗಳ ಹೆಸರು ಒಂದು ಪಟ್ಟಿಗೆ ಸೇರಿತು. ಪಟ್ಟಿಯಲ್ಲಿದ್ದವರು ಸರ್ಕಾರದ ಪಾಲನೆಯಲ್ಲಿರುವವರು, ಎಂದರೆ ದೊಡ್ಡವರಾದರೂ ಅಪ್ರಾಪ್ತರ ಲೆಕ್ಕ. ಎಲ್ಲಿ ಇರಬೇಕು, ಯಾರನ್ನು ಮದುವೆಯಾಗಬೇಕು, ಏನು ಕುಡಿಯಬಾರದು, ಎಲ್ಲಕ್ಕೂ ಅಧಿಕಾರಿಯ ಮಾತೇ ಮಾತು. ಆ ಪಟ್ಟಿಗೆ ನಮಜೀರ ಮತ್ತು ಅವರ ಪತ್ನಿ ರುಬಿನಾ ಅವರ ಹೆಸರು ಸೇರಿಸಲಿಲ್ಲ. ಸರ್ಕಾರ ಕೊಟ್ಟದ್ದು ಅಷ್ಟು. ಬೇರೆ ರಾಜ್ಯಗಳಲ್ಲಿ ಇಂಥ ವಿನಾಯಿತಿ ಚೀಟಿಗಳು ಮೊದಲೇ ಇದ್ದುದರಿಂದ ಮೊದಲಿಗರು ಎಂಬ ಮಾತೂ ನಿಲ್ಲುವುದಿಲ್ಲ.

ಇನ್ನು, ಮೆಚ್ಚುಗೆಯ ಮಾತು. 1953ರಲ್ಲಿ ರಾಣಿಯ ಪಟ್ಟಾಭಿಷೇಕದ ಪದಕ, ಮರುವರ್ಷ ಕ್ಯಾನ್‌ಬೆರಾದಲ್ಲಿ ರಾಣಿಯ ಭೇಟಿ, 1956ರಲ್ಲಿ ವಿಲಿಯಂ ಡಾರ್ಗಿ ಬರೆದ ಅವರ ಭಾವಚಿತ್ರಕ್ಕೆ ಪ್ರತಿಷ್ಠಿತ ಆರ್ಚಿಬಾಲ್ಡ್ ಬಹುಮಾನ. ಇವೆಲ್ಲ ನಡೆಯುವ ಹೊತ್ತಿಗೆ ಅದೇ ಮನುಷ್ಯ ದನ ಮೇಯಿಸಲು ಒಂದು ಹುಲ್ಲುಗಾವಲು ಗುತ್ತಿಗೆಗೆ ಕೇಳಿ ಆಗಿತ್ತು, ಸಿಗಲಿಲ್ಲ. ಆಲಿಸ್ ಸ್ಪ್ರಿಂಗ್ಸ್‌ನಲ್ಲಿ ಮನೆ ಕಟ್ಟಲು ನಿವೇಶನ ಕೇಳಿ ಆಗಿತ್ತು, ಅದೂ ಸಿಗಲಿಲ್ಲ. ಆದಾಯ ತೆರಿಗೆ ಮಾತ್ರ ತಪ್ಪದೆ ವಸೂಲಾಯಿತು. ನ್ತಾರಿಯದ ಹೊರಗೆ ಅವರು 1940ರ ದಶಕದಲ್ಲಿ ಕಟ್ಟಿಕೊಂಡ ಎರಡು ಕೋಣೆಯ ಮನೆ ಇನ್ನೂ ಇದೆ. ಪಟ್ಟಣದಲ್ಲಿ ಅವರು ಬೀಡುಬಿಟ್ಟದ್ದು ಊರಾಚೆಯ ಮಾರಿಸ್ ಸೋಕ್ ಎಂಬ ಹಳ್ಳದ ದಂಡೆಯಲ್ಲಿ, ಬಂಧುಗಳ ಬಿಡಾರದಲ್ಲಿ. ಆ ಬೆಟ್ಟದ ಚಿತ್ರ ಮಾರಲು ಅಡ್ಡಿಯಿರಲಿಲ್ಲ. ಬೆಟ್ಟದ ಬುಡದಲ್ಲಿ ಒಂದು ತುಂಡು ನೆಲ ಕೊಳ್ಳಲು ಇತ್ತು.

ತಪ್ಪು ಕಲ್ಪನೆ: ದುಡ್ಡು ಬಂತು, ಕುಡಿತಕ್ಕೆ ಬಿದ್ದರು, ಜೈಲಿಗೆ ಹೋದರು, ಸತ್ತರು.

ವಾಸ್ತವ: ಈ ಒಂದು ಸಾಲಿನ ಜೀವನಚರಿತ್ರೆಯನ್ನು ನಾವು ಗಾಡಿಯಲ್ಲೇ ಕೇಳಿದ್ದು. ಒಂದೊಂದು ತುಂಡೂ ಅರ್ಧ ಸತ್ಯ, ಜೋಡಿಸಿದ ರೀತಿ ಪೂರ್ತಿ ಅನ್ಯಾಯ.

ದುಡ್ಡು ಬಂತು. ಆದರೆ ಅರಂಡರ ಕಟ್ಟಳೆಯಲ್ಲಿ ಬಂದದ್ದು ಬಂಧುಬಳಗಕ್ಕೆಲ್ಲ ಸೇರಿದ್ದು. ದುಡಿದವರು ಹಂಚಬೇಕು, ಹಂಚದವರು ಮನುಷ್ಯರಲ್ಲ. ನಮಜೀರರ ಕುಂಚದ ಮೇಲೆ ದೊಡ್ಡ ಬಳಗವೇ ಬದುಕಿತ್ತು. 1957ರಲ್ಲಿ ಅವರ ಹೆಸರು ಆ ಪಟ್ಟಿಯಿಂದ ಹೊರಗುಳಿದಾಗ ಮಕ್ಕಳ, ನೆಂಟರ ಹೆಸರುಗಳು ಒಳಗೇ ಉಳಿದವು. ಅವರು ಬಾಟಲಿ ಕೊಂಡರೆ ಕಾನೂನುಬದ್ಧ. ಪಕ್ಕದಲ್ಲಿ ಕೂತ ಬಂಧುವಿಗೆ ಅದರಲ್ಲೇ ಒಂದು ಗುಟುಕು ಕೊಟ್ಟರೆ ಅಪರಾಧ. ಒಂದೇ ಒಲೆಯ ಸುತ್ತ ಕೂತವರ ನಡುವೆ ಗೆರೆ ಎಳೆದ ಕಾನೂನು ಅದು.

1958ರಲ್ಲಿ ಆ ಬಿಡಾರದಲ್ಲಿ ಒಬ್ಬ ಮಹಿಳೆಯ ಕೊಲೆಯಾಯಿತು. ಅಲ್ಲಿಗೆ ಮದ್ಯ ಬಂದದ್ದು ನಮಜೀರರಿಂದ ಎಂಬ ಟೀಕೆ ಎದ್ದಿತು. ಅದಾದ ಸ್ವಲ್ಪದರಲ್ಲೇ, ಜೊತೆಯ ಚಿತ್ರಕಾರ ಹೆನೋಕ್ ರಬೆರಬ ಅವರ ಕೈಗೆ ಸಿಗುವ ಹಾಗೆ ರಮ್ ಬಾಟಲಿ ಬಿಟ್ಟರೆಂಬ ಆರೋಪದ ಮೇಲೆ ಮೊಕದ್ದಮೆ ನಡೆಯಿತು. ಕೊಲೆಗೆ ಶಿಕ್ಷೆಯಾದದ್ದಲ್ಲ ಇದು, ಬಾಟಲಿಗೆ. ಆರು ತಿಂಗಳ ಶಿಕ್ಷೆ. ದೇಶದಲ್ಲಿ ಗದ್ದಲವೆದ್ದಿತು, ಮೇಲ್ಮನವಿಯಲ್ಲಿ ಅದು ಮೂರು ತಿಂಗಳಾಯಿತು. ಜೈಲಿನ ಬದಲು ಒಂದು ಮೀಸಲು ವಸತಿಯಲ್ಲಿ ಇರಿಸಿ ಎರಡು ತಿಂಗಳಿಗೆ ಬಿಟ್ಟರು. ಆ ವಸತಿಯ ಹೆಸರು ಪಪುನ್ಯ. ಹನ್ನೆರಡು ವರ್ಷಗಳ ಮೇಲೆ ಜೇನಿರುವೆಯ ಕಥೆ ಗೋಡೆಗೆ ಬಂದ ಅದೇ ಪಪುನ್ಯ.

ಬಿಡುಗಡೆಯಾದ ಕೆಲವೇ ತಿಂಗಳಲ್ಲಿ, 1959ರ ಆಗಸ್ಟ್ 8ರಂದು, ಆಲಿಸ್ ಸ್ಪ್ರಿಂಗ್ಸ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಐವತ್ತೇಳು ವರ್ಷ. ಕಾರಣ ಹೃದಯದ ಕಾಯಿಲೆ. ಶಿಕ್ಷೆಯ ಅವಮಾನ ಅವರನ್ನು ಕುಗ್ಗಿಸಿತ್ತು, ಕುಂಚ ಹಿಡಿಯುವ ಮನಸ್ಸೇ ಹೋಗಿತ್ತು ಎಂದು ಹತ್ತಿರದವರು ನೆನೆಯುತ್ತಾರೆ. ಕುಡಿಯುತ್ತಿದ್ದರೇ? ಹೌದು, ಆಗಿನ ಆಸ್ಟ್ರೇಲಿಯದಲ್ಲಿ ಕುಡಿಯದ ಗಂಡಸರು ಎಷ್ಟಿದ್ದರೋ. ಆದರೆ ಇವರಿಗೆ ಶಿಕ್ಷೆಯಾದದ್ದು ಕುಡಿದದ್ದಕ್ಕಲ್ಲ, ಹಂಚಿಕೊಂಡದ್ದಕ್ಕೆ.

ತಪ್ಪು ಕಲ್ಪನೆ: ಗ್ಯಾಲರಿ ಚಿಕ್ಕದು, ಅರ್ಧ ಗಂಟೆಯ ಕೆಲಸ, ಒಬ್ಬ ವ್ಯಕ್ತಿಯ ನೆನಪಿಗೆ ಇಟ್ಟದ್ದು, ಅವರೊಂದಿಗೇ ಮುಗಿದ ಕಥೆ.

ವಾಸ್ತವ: ಅರ್ಧ ಗಂಟೆ ಎಂದು ಹೋದ ನಾವು ಮಧ್ಯಾಹ್ನ ಪೂರ್ತಿ ಇದ್ದೆವು. ಅದರಲ್ಲಿ ಸ್ವಲ್ಪ ಸಮಯ ಮಿಷನ್ ಕಾಲದ ಮನೆಯೊಂದರಲ್ಲಿರುವ ಚಹಾ ಅಂಗಡಿಯ ಸೇಬಿನ ಸ್ಟ್ರೂಡಲ್‌ಗೆ ಹೋಯಿತು, ಸುಳ್ಳು ಹೇಳಬಾರದು. ಸುಮಾರು 2,000 ಚಿತ್ರ ಬರೆದವರ ಬಹುಪಾಲು ಕೆಲಸ ದೂರದ ನಗರಗಳಲ್ಲಿ ಹಂಚಿಹೋಗಿದೆ. 2002ರಲ್ಲಿ, ಅವರ ನೂರನೇ ವರ್ಷಕ್ಕೆ, ರಾಷ್ಟ್ರೀಯ ಗ್ಯಾಲರಿ ದೊಡ್ಡ ಪ್ರದರ್ಶನ ಮಾಡಿತು. ಹಾಗಾದರೆ ಇಲ್ಲಿಗೇ ಯಾಕೆ ಬರಬೇಕು? ಇಲ್ಲಿ ಕಿಟಕಿಯಾಚೆ ಆ ಬೆಟ್ಟ ಇದೆ ಎಂಬುದು ಒಂದು. ಗೋಡೆಯಲ್ಲಿ ಅವರ ಪಕ್ಕದಲ್ಲೇ ಬೇರೆ ಹೆಸರುಗಳಿವೆ ಎಂಬುದು ಇನ್ನೊಂದು. ಮಕ್ಕಳಾದ ಎನೋಸ್, ಆಸ್ಕರ್, ಇವಾಲ್ಡ್, ಕೀತ್, ಮಾರಿಸ್ ಎಲ್ಲರೂ ಬರೆದರು. ಓಟೊ ಪರೆರೂಲ್ಟ್ಜ ಮತ್ತವರ ತಮ್ಮಂದಿರ ಬೆಟ್ಟಗಳು ನಮಜೀರರಂತೆ ಶಾಂತವಲ್ಲ, ಹಾವಿನಂತೆ ಹೊರಳುತ್ತವೆ. ಒಂದೇ ಗುರುಪರಂಪರೆಯಲ್ಲಿ ಇಷ್ಟು ಬೇರೆ ಕೈಗಳು. ನಕಲಿನ ಆರೋಪಕ್ಕೆ ನಾವು ಮೇಲೆ ಕೊಟ್ಟ ಉದ್ದದ ಉತ್ತರಕ್ಕಿಂತ ಈ ಗೋಡೆಯೇ ಚೆನ್ನಾಗಿ ಉತ್ತರಿಸುತ್ತದೆ.

ಇಂದಿಗೂ ಆಲಿಸ್ ಸ್ಪ್ರಿಂಗ್ಸ್‌ನ ಇಲ್ಚ ನ್ಜಾರ ಕಲಾಕೇಂದ್ರದಲ್ಲಿ ಬಳಗದವರು ಜಲವರ್ಣ ಬರೆಯುತ್ತಾರೆ. ಆ ಹೆಸರಿನ ಅರ್ಥ ಹಲವು ಕೈಗಳು. ಮರಿಮಗ ವಿನ್ಸೆಂಟ್ ನಮಜೀರ 2020ರಲ್ಲಿ ಆರ್ಚಿಬಾಲ್ಡ್ ಬಹುಮಾನ ಗೆದ್ದ ಮೊದಲ ಮೂಲನಿವಾಸಿ ಚಿತ್ರಕಾರರಾದರು. ಮುತ್ತಜ್ಜ ಬೇರೆಯವರ ಕುಂಚಕ್ಕೆ ಕೂತು ಗೆಲ್ಲಿಸಿಕೊಟ್ಟ ಬಹುಮಾನ, 64 ವರ್ಷಗಳ ಮೇಲೆ ಮರಿಮಗನ ಕೈಗೆ ಬಂತು.

ತಪ್ಪು ಕಲ್ಪನೆ: ಅವರ ಚಿತ್ರದ ಪ್ರಿಂಟ್ ಆಸ್ಟ್ರೇಲಿಯದ ಮನೆಮನೆಯಲ್ಲಿತ್ತು, ಕುಟುಂಬ ರಾಯಧನದಲ್ಲೇ ಹಾಯಾಗಿದ್ದಿರಬೇಕು.

ವಾಸ್ತವ: ಪ್ರಿಂಟ್‌ಗಳು ಮನೆಮನೆಯಲ್ಲಿದ್ದದ್ದು ನಿಜ. ಅವರು ತೀರಿಕೊಂಡ ಮೇಲೆ ಆಸ್ತಿಯ ಆಡಳಿತ ಸರ್ಕಾರಿ ಟ್ರಸ್ಟಿಯ ಕೈಗೆ ಹೋಯಿತು. 1983ರಲ್ಲಿ ಆ ಟ್ರಸ್ಟಿ ಎಲ್ಲ ಚಿತ್ರಗಳ ಹಕ್ಕುಸ್ವಾಮ್ಯವನ್ನು, ಅವುಗಳನ್ನು ಮುದ್ರಿಸುತ್ತಿದ್ದ ಪ್ರಕಾಶನ ಸಂಸ್ಥೆಗೇ 8,500 ಡಾಲರ್‌ಗೆ ಮಾರಿಬಿಟ್ಟರು. ಕುಟುಂಬವನ್ನು ಕೇಳಲಿಲ್ಲ. ಅಲ್ಲಿಂದಾಚೆ ಅಜ್ಜನ ಚಿತ್ರ ಪುಸ್ತಕದಲ್ಲಿ ಬಂದರೂ, ಕ್ಯಾಲೆಂಡರಿನಲ್ಲಿ ಬಂದರೂ ಮೊಮ್ಮಕ್ಕಳಿಗೆ ಒಂದು ಕಾಸೂ ಇಲ್ಲ. ಕುಟುಂಬದವರು ಪಟ್ಟು ಬಿಡಲಿಲ್ಲ. ನಾಟಕ, ಸಾಕ್ಷ್ಯಚಿತ್ರ, ವಕೀಲರು, ಎಲ್ಲ ದಾರಿ ಹಿಡಿದರು. 2017ರ ಅಕ್ಟೋಬರಿನಲ್ಲಿ ಹಕ್ಕು ನಮಜೀರ ಪರಂಪರೆಯ ಟ್ರಸ್ಟಿಗೆ ಮರಳಿತು. ಪತ್ರದಲ್ಲಿ ಬರೆದ ಬೆಲೆ ಒಂದು ಡಾಲರ್.

ಪ್ರವಾಸಿಗರಾದ ನಮಗೆ ಇಲ್ಲೊಂದು ಲೆಕ್ಕ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಸಿಗುವ ಮೂಲನಿವಾಸಿ ಶೈಲಿಯ ಬೂಮರಾಂಗ್, ಮಗ್ಗು, ಫ್ರಿಜ್ ಮ್ಯಾಗ್ನೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಮೂಲನಿವಾಸಿಗಳ ಕೈ ತಾಗಿರುವುದಿಲ್ಲ. ಇಂಡೋನೇಷ್ಯಾದಲ್ಲಿ ಮಾಡಿಸಿ ಅಸಲಿ ಎಂದು ಮಾರಿದ ಒಂದು ಕಂಪನಿಗೆ 2019ರಲ್ಲಿ ನ್ಯಾಯಾಲಯ 23 ಲಕ್ಷ ಡಾಲರ್ ದಂಡ ಹಾಕಿದ್ದೂ ಇದೆ. ಉಲುರುವಿಗೆ ಹೋಗುವ ಮೊದಲೇ ನಾವು ಅಂಥವನ್ನು ಆರು ಕೊಂಡಾಗಿತ್ತು, ಚುಕ್ಕೆ ಚುಕ್ಕೆಯವು. ಹರ್ಮನ್ಸ್‌ಬರ್ಗ್‌ನಲ್ಲಿ ಕೊಂಡದ್ದು ನಾಲ್ಕು ಪೋಸ್ಟ್‌ಕಾರ್ಡ್, ಅದರಲ್ಲಿ ಒಂದು ಹಿರಿಯರದ್ದು.

ಹಕ್ಕುಸ್ವಾಮ್ಯದ ಅವಧಿ ಆಸ್ಟ್ರೇಲಿಯದಲ್ಲಿ ಚಿತ್ರಕಾರರ ಮರಣದ ನಂತರ 70 ವರ್ಷ. ನಮಜೀರರ ಲೆಕ್ಕದಲ್ಲಿ ಅದು 2029ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಆಮೇಲೆ ಯಾರು ಬೇಕಾದರೂ ಮುದ್ರಿಸಬಹುದು. 34 ವರ್ಷ ಬೇರೆಯವರ ಬಳಿ ಇದ್ದ ಹಕ್ಕು ಮನೆಗೆ ಬಂದು ಇರುವುದು 12 ವರ್ಷ.